ಮಾಮಾ ಉದ್ದಕ ತಿಕ್ಕಿದ ರಾಡು

ನನ್ನ ಎಂಟು ವರ್ಷದ ಪಿಎಚ್‌ಡಿ ಒಂದು ಶಬ್ದದ ಸಲುವಾಗಿ ಎರಡು ತುಂಡಾತು. ಆ ಶಬ್ದ ‘ಕಡಕ್’. ಯಾರಿಗೂ ಬೈಯೋಹಂಗಿಲ್ಲ. ಹೇಳಿದಾಕಿ ನಾನ, ಕೇಳಿಸಿಕೊಂಡಂವ ನನ್ನ ಸ್ವಾದರಮಾವ, ಇಬ್ಬರೂ ಮಾತು ಕಲಿತದ್ದು ಬನಹಟ್ಟಿಯ ಒಂದ ಓಣಿಯೊಳಗ.

ನಾ ಏನು ಓದಾಕತ್ತಿದ್ದೆ ಅಂತ ಮೊದಲ ಹೇಳಿಬಿಡತೀನಿ. ಈಗ ಮನಿ ಜಮಖಂಡಿಯಾಗ, ಮುಧೋಳ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿನಾಗ ಪಾಠ ಹೇಳತೀನಿ. ದಿನಾ ಬಸ್ಸಿನಾಗ ಕಬ್ಬಿನ ಟ್ರ್ಯಾಕ್ಟರಿನ ಹಿಂದ ಸಿಕ್ಕೊಂಡು ಕುಂತು ನಾ ಓದಿದ್ದು ಟೈಟೇನಿಯಂ ಅಲ್ಯೂಮಿನೈಡ್ ಬಗ್ಗೆ. ಟೈಟೇನಿಯಂ, ಅಲ್ಯೂಮಿನಿಯಂ ಎರಡನ್ನೂ ಹತ್ತತ್ರ ಅರ್ಧಕ್ಕರ್ಧ ಕೂಡಿಸಿ, ಕರಗಿಸಿ, ಅಚ್ಚಿನೊಳಗ ಎರಕ ಹೊಯ್ದರ ಈ ಮಿಶ್ರಲೋಹ ಬರತೈತಿ. ಹಗುರ ಇರತೈತಿ, ಉರಿಗೆ ಹೆದರಂಗಿಲ್ಲ, ಅದಕ್ಕ ವಿಮಾನದ ಇಂಜಿನ್ನಿನ ಬ್ಲೇಡಿಗೆ ಬೇಕು. ಸೂಕ್ಷ್ಮದರ್ಶಕದಾಗ ನೋಡಿದರ ಒಳಗ ಎರಡು ಜಾತಿಯ ತೆಳ್ಳನ ಪದರು, ಒಂದರ ಮ್ಯಾಲೆ ಒಂದು, ಅಂಗಡಿಯ ಕಪಾಟಿನಾಗ ಮಡಚಿ ಒಟ್ಟಿದ ಸೀರಿಗತೆ ಕಾಣತಾವು. ಪದರು ಸಣ್ಣ ಆದಷ್ಟೂ ಬಲ ಹೆಚ್ಚು. ಆದರ ಒಂದು ಕೆಟ್ಟ ಗುಣ ಐತಿ. ಕೆಂಪಗ ಕಾಸಿದಾಗ ಹೇಳಿದ ಮಾತು ಕೇಳತೈತಿ, ತಣ್ಣಗಿದ್ದಾಗ ಹಿಡಿದು ಎಳೆದರ ಒಂದು ಎಳಿಯಷ್ಟೂ ಹಿಗ್ಗದ ಟಕ್ಕನ ಮುರೀತೈತಿ.

ಇದನ್ನ ಅವ್ವಗ ಬಿಡಿಸಿ ಹೇಳಿದಾಗ ಆಕಿ, “ಹಂಗಾರ ನಿಮ್ಮಪ್ಪನ ಉಲ್ಟಾ ಆತಲ್ಲ. ಅಂವ ತಣ್ಣಗಿದ್ದಾಗರೆ ಮಾತು ಕೇಳತಾನ” ಅಂದಳು. ಅಪ್ಪ ಪೇಪರಿನಿಂದ ತಲಿ ಎತ್ತಲಿಲ್ಲ.

ನನ್ನ ಥೀಸಿಸ್ಸಿನ ಒಟ್ಟು ಮಾತು ಇಷ್ಟ. ಎರಕದ ರಾಡನ್ನ ನಾ ಹೇಳಿದ ರೀತಿ ಕಾಸಿ, ನಾ ಹೇಳಿದ ರೀತಿ ಆರಿಸಿದರ ಒಳಗಿನ ಪದರು ಸಣ್ಣ ಆಗತಾವು, ಆಗ ಅದು ತಣ್ಣಗಿದ್ದಾಗಲೂ ಮುರಿಯೋಕಿಂತ ಮೊದಲ ಒಂಚೂರು ಹಿಗ್ಗತೈತಿ. ಆ ಒಂಚೂರಿನ ಸಲುವಾಗಿ ನಾ ಎಂಟು ವರ್ಷ ಯಾವ ಮದುವಿಯಾಗೂ ನೆಟ್ಟಗ ಊಟ ಮಾಡಲಿಲ್ಲ. ಎಲಿ ಮುಂದ ಕುಂತರ ಸಾಕು, ಎದುರಿನವರು “ಇನ್ನೂ ಮುಗಿದಿಲ್ಲೇನ್ ಬೇ ನಿಂದು?” ಅಂತ ಕೇಳೋರು. ಬೂಂದಿ ಬಡಿಸಾಕ ಬಂದಂವ ಸೈತ ಕೇಳಿದ್ದುಂಟು.

ರಾಡು ಒಟ್ಟು ನಾಕು ಇದ್ದವು, ಒಂದ ಎರಕದವು. ನಾಕನ್ನೂ ನಾನ ಕಾಸಿ ಆರಿಸಿದ್ದೆ. ಮೂರನ್ನ ಯುನಿವರ್ಸಿಟಿ ಇರೋ ಊರಾಗ ಒಂದು ವರ್ಕ್‌ಶಾಪಿನಾಗ ಕೊಟ್ಟು, ನಡುವ ಸಣ್ಣ, ಎರಡೂ ತುದಿಗೆ ದಪ್ಪ ಹಂಗ ಲೇತಿನ ಮ್ಯಾಲೆ ಕಡಿಸಿದೆ. ಎಳೆಯೋ ಮಷೀನಿಗೆ ಹಾಕಿ ನೋಡಿದರ ಮೂರೂ ಟಕ್, ಟಕ್, ಟಕ್. ಹಿಗ್ಗಿದ್ದು ಸೊನ್ನೆ. ಎರಕದಾಗ ಗಾಳಿ ಸಿಕ್ಕು ಗುಳ್ಳಿ ಉಳಿದಿರಬೇಕು ಅಂತ ನಾ ಬರದೆ. ನನ್ನ ಗೈಡ್ ಸರ್ ಅದನ್ನ ಓದಿ ಪೆನ್ನು ಕೆಳಗಿಟ್ಟರು.

“ಮೇಡಂ, ಮೂರಕ್ಕೂ ಗುಳ್ಳಿ ಕಾರಣ ಅಂದ್ರಿ, ನಾ ಹೂಂ ಅಂದೆ. ನಾಕನೇದಕ್ಕ ಗುಳ್ಳಿ ಅಂದ್ರ ನಾ ಹೂಂ ಅನ್ನಂಗಿಲ್ಲ. ಆ ಕುಲುಮಿನೂ ಈಗ ಬಂದ್ ಆಗೇತಿ, ಹೊಸಾ ಎರಕ ಸಿಗಂಗಿಲ್ಲ. ನಾಕನೇದು ಹಿಗ್ಗಲಿಲ್ಲಂದ್ರ ಥೀಸಿಸ್ ಮುಚ್ಚಿ ಇಟ್ಟುಬಿಡ್ರಿ.”

ವರ್ಕ್‌ಶಾಪಿನಂವ ನಾಕನೇ ರಾಡು ನೋಡಿ ಕೈ ಮುಗಿದ. ಮೊದಲಿನ ಮೂರು ಅವನ ಟೂಲು ತಿಂದು ಹಾಕಿದ್ದವಂತ. ಹಂಗಾಗಿ ಉಳಿದ ಆ ಒಂದ ರಾಡು ನನ್ನ ಊಟದ ಡಬ್ಬಿಯೊಳಗ, ಅವ್ವನ ಹಳೇ ಸೀರಿ ತುಂಡಿನಾಗ ಸುತ್ತಿಕೊಂಡು, ಜಮಖಂಡಿಗೆ ಬಂತು. ಅವ್ವ ಅದನ್ನ ತಗೊಂಡು ದೇವರ ಜಗಲಿ ಮ್ಯಾಲೆ ಇಟ್ಟು ವಿಭೂತಿ ಹಚ್ಚಿದಳು. ನಾ ಸಿಟ್ಟಿಗೆದ್ದು ಒರೆಸಿದೆ. ಆಕಿ ಮತ್ತ ಹಚ್ಚಿದಳು. ಮೂರನೇ ಸಲ ನಾ ಬಿಟ್ಟೆ, ಯಾಕಂದ್ರ ಮೂರು ರಾಡು ಮುರಿದಾಕಿಗೆ ವಿಭೂತಿ ಬ್ಯಾಡ ಅನ್ನೋ ಧೈರ್ಯ ಇರಂಗಿಲ್ಲ.

ಬನಹಟ್ಟಿಯಾಗ ಅವ್ವನ ಒಡಹುಟ್ಟಿದ ನಮ್ಮ ಮಾಮಾನ ಲೇತ್ ಐತಿ. ಪವರ್‌ಲೂಮ್ ಮಗ್ಗದ ಬಿಡಿ ಸಾಮಾನು ಮಾಡಿ ಕೊಡತಾನ. ಮಗ್ಗದ ಸಪ್ಪಳಕ್ಕ ಅವನ ಕಿವಿ ಅರ್ಧ ಹೋಗೇತಿ, ಕೈ ಮಾತ್ರ ಪೂರಾ ಅದಾವು. ರಬಕವಿ, ತೇರದಾಳ, ಮಹಾಲಿಂಗಪುರದಿಂದನೂ ಜನ ಬಂದು ಅವನ ಬಾಗಿಲಾಗ ಕುಂತಿರತಾರ. ಅಂಥಂವನ ಮುಂದ ನಾ ಡಬ್ಬಿ ತಗದೆ.

“ಏನ್ ಬೇ ಇದು, ಪಲ್ಯ ಅಂತ ಮಾಡಿದ್ದೆ” ಅಂದ ಮಾಮಾ.

“ಮಾಮಾ, ಇದರಾಗ ನನ್ನ ಡಿಗ್ರಿ ಐತಿ. ಇದೊಂದ ಉಳದೈತಿ. ನಡುವ ಇಷ್ಟು ಸಣ್ಣ ಮಾಡಬೇಕು. ಜ್ವಾಕಿ, ಭಾಳ ಕಡಕ್ ಐತಿ.”

ಇಲ್ಲೇ ಆತು ನೋಡ್ರಿ. ನಮ್ಮ ಕಡೆ ಕಡಕ್ ಅಂದ್ರ ನೂರಾ ಎಂಟು ಅರ್ಥ. ಚಹಾ ಕಡಕ್, ಇಸ್ತ್ರಿ ಕಡಕ್, ಬಿಸಿಲು ಕಡಕ್, ಹೆಡ್ ಮಾಸ್ತರು ಕಡಕ್. ಇವು ಯಾವೂ ಮುರಿಯಂಗಿಲ್ಲ. ರೊಟ್ಟಿ ಒಂದ ಕಡಕ್ ಆದಾಗ ಬೆರಳು ಹಚ್ಚಿದರ ಮುರೀತೈತಿ. ನನ್ನ ತಲಿಯೊಳಗ ಇದ್ದದ್ದು ಆ ರೊಟ್ಟಿ. ಮಾಮಾನ ತಲಿಯೊಳಗ ಬಂದದ್ದು ಗಟ್ಟಿ ಉಕ್ಕಿನ ಬೋಲ್ಟು. ಅಂವ ನಕ್ಕ.

“ಕಡಕ್ ಇದ್ರ ಕಡಕ್ ಹಿಡದ್ರಾತು.”

ಲೇತಿನ ಹಿಡಿಯೊಳಗ, ಅದಕ್ಕ ಚಕ್ ಅಂತಾರ, ರಾಡು ಸಿಗಿಸಿದ. ಕೀಲಿ ಹಾಕಿ ತಿರುವಿದ. ಸಾಲದ್ದಕ್ಕ ಕೀಲಿಗೆ ಒಂದು ಪೈಪು ತೊಡಿಸಿ ಮೈಮ್ಯಾಲೆ ಬಿದ್ದು ತಿರುವಿದ. ನಾ “ಮಾಮಾ” ಅನ್ನೋದರಾಗ ಮಷೀನು ಚಾಲೂ ಆತು, ಟೂಲು ಹೋಗಿ ತಾಗಿತು, ಟಣ್ ಅಂತ ಒಂದು ಸಪ್ಪಳ ಬಂತು. ದೊಡ್ಡ ತುಂಡು ತಿರುಗಿ ಬಂದು ಉಸುಕಿನ ಬುಟ್ಟಿಯಾಗ ಬಿತ್ತು. ಸಣ್ಣ ತುಂಡು ಚಕ್ಕಿನೊಳಗ ಉಳೀತು.

ಮಾಮಾ ಮಷೀನು ಬಂದ್ ಮಾಡಿದ. ನಾ ಅಳಲಿಲ್ಲ, ನನಗ ಅಷ್ಟು ಸಿಟ್ಟು ಬಂದಿತ್ತು.

“ಕಡಕ್ ಅಂತ ಹೇಳಿದ್ನಿಲ್ಲ ಮಾಮಾ?”

“ಕಡಕ್ ಅಂದಿ. ಮುರೀತೈತಿ ಅಂತ ಎಲ್ಲಿ ಅಂದಿ?”

“ಕಡಕ್ ರೊಟ್ಟಿ ಮುರಿಯಂಗಿಲ್ಲೇನು?”

“ರೊಟ್ಟಿ ಅಂತ ಎಲ್ಲಿ ಅಂದಿ?”

ಒಳಗಿಂದ ಮಾಮಿ ಬಂದು ಇಬ್ಬರ ಮುಖಾ ನೋಡಿದಳು. ಆಮ್ಯಾಲೆ ಉಸುಕಿನ ಬುಟ್ಟಿ ನೋಡಿದಳು. “ಮೊದಲ ಊಟಾ ಮಾಡ್ರಿ” ಅಂದಳು. ತಾಟಿನಾಗ ಬಂದದ್ದು ಕಡಕ್ ರೊಟ್ಟಿ. ಮಾಮಾ ಒಂದು ರೊಟ್ಟಿ ಮುರದು, ಆ ರೊಟ್ಟಿ ತುಂಡಿನ ಕಡೆ ಭಾಳೊತ್ತು ನೋಡಿದ, ತಿನ್ನಲಿಲ್ಲ.

ಊಟದ ನಂತರ ಅಂವ ದೊಡ್ಡ ತುಂಡನ್ನ ಅಳತಿ ಮಾಡಿದ. “ಸಣ್ಣ ಸೈಜಿನಾಗ ಮಾಡಿದ್ರ ನಡೀತೈತೇನು?” ಅಂತ ಕೇಳಿದ. ನಡೀತಿತ್ತು. ಎಳೆಯೋ ಮಷೀನಿಗೆ ಸಣ್ಣ ನಮೂನಿಯ ಹಿಡಿನೂ ಇದ್ದವು. ಆದರ ಆ ತುಂಡೂ ಮುರಿದರ ನನ್ನ ಕತಿ ಅಲ್ಲಿಗೆ ಮುಗೀತಿತ್ತು. ನಾ ಅದನ್ನ ಬಾಯಿ ಬಿಟ್ಟು ಹೇಳಿದೆ. ಮಾಮಾ ಗೋಣು ಹಾಕಿದ.

ಆಮ್ಯಾಲಿನ ದಿನಗಳಾಗ ಮಾಮಾ ಬ್ಯಾರೆ ಕೆಲಸ ಮುಟ್ಟಲಿಲ್ಲ. ಚಕ್ಕಿನ ಹಲ್ಲು ರಾಡಿಗೆ ಚುಚ್ಚಬಾರದು ಅಂತ ನಡುವ ಮೆತ್ತಗಿನ ತಾಮ್ರದ ತಗಡು ಬೇಕಾತು. ಮಾಮಿ ತವರಮನಿಯಿಂದ ತಂದ ತಾಮ್ರದ ತಂಬಿಗಿ ಆ ದಿನದಿಂದ ಕಾಣಲಿಲ್ಲ. ಮಾಮಿ ಎರಡು ದಿನ ಮಾಮಾನ ಸಂಗಾಟ ಮಾತು ಬಿಟ್ಟಳು, ಮೂರನೇ ದಿನ ಆ ತಗಡನ್ನ ತಾನ ತಿಕ್ಕಿ ತೊಳೆದು ಕೊಟ್ಟಳು. ಕೂದಲೆಳಿಯಷ್ಟು ತಗಿಯೋದು, ನಿಲ್ಲಿಸೋದು, ಮುಟ್ಟಿ ನೋಡೋದು. ಬಾಗಿಲಾಗ ಮಗ್ಗದವರು, “ಯಣ್ಣಾ, ನಮ್ಮ ಮಗ್ಗ ನಿಂತಾವೋ” ಅಂತ ಕೂಗೋರು. “ನಮ್ಮ ಹುಡಿಗಿದು ಎಂಟು ವರ್ಷದಿಂದ ನಿಂತೈತಿ, ಸುಮ್ಕಿರ್ರಿ” ಅನ್ನಾಂವ.

ಕಡದಾದ ಮ್ಯಾಲೆ ಪಾಲಿಶ್ ಪೇಪರ್ ಹಿಡಿದು ಬಾಗಿಲಾಗಿನ ಕಟ್ಟಿ ಮ್ಯಾಲೆ ಕುಂತ. ರಾಡನ್ನ ತೊಡಿ ಮ್ಯಾಲೆ ಇಟ್ಟುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ, ಉದ್ದಕ, ತಿಕ್ಕಿದ, ತಿಕ್ಕಿದ, ತಿಕ್ಕಿದ. ಲೇತಿನ ಮ್ಯಾಲೆ ತಿರುಗಿಸಿಕೋತ ಪೇಪರ್ ಹಿಡಿದರ ಒಂದು ತಾಸಿನ ಕೆಲಸ. ನಾ ಅದನ್ನ ಹೇಳಿದೆ, ಡಿಗ್ರಿ ಓದಿದಾಕಿ ನೋಡ್ರಿ. ಮಾಮಾಗ ಕೇಳಿಸಲಿಲ್ಲ, ಇಲ್ಲಾ ಕೇಳಿಸಿದರೂ ಕೇಳಿಸಲಿಲ್ಲ. ಕಡೀಕ ಬೆರಳು ಆಡಿಸಿ, “ಛಲೋ ಬಂದೈತಿ” ಅಂದ. ಅಷ್ಟ ಅಂದದ್ದು.

ಆ ಸಣ್ಣ ರಾಡು ಹಿಗ್ಗಿತು. ಎಳೆಯೋ ಮಷೀನಿನ ಪರದೆ ಮ್ಯಾಲೆ ನೆಟ್ಟಗ ಏರಾಕತ್ತಿದ್ದ ಗೆರಿ ಮುರಿಯೋಕಿಂತ ಮೊದಲ ಒಂಚೂರು ಬಾಗಿತು. ನಾ ಹಾಕಿದ ಕೂಗಿಗೆ ಲ್ಯಾಬಿನ ಅಟೆಂಡರು ನನ್ನ ಬೆರಳು ಸಿಕ್ಕೈತಿ ಅಂತ ಓಡಿ ಬಂದು ಮೇನ್ ಸ್ವಿಚ್ಚು ಆರಿಸಿಬಿಟ್ಟ. ಮಾಮಾಗ ಫೋನ್ ಹಚ್ಚಿ, “ಹಿಗ್ಗಿತು ಮಾಮಾ” ಅಂದೆ. ಮಗ್ಗದ ಸಪ್ಪಳದಾಗ ಅವನಿಗೆ ಏನು ಕೇಳಿಸಿತೋ, “ತಪ್ಪಾತವ್ವಾ” ಅಂದು ಫೋನ್ ಇಟ್ಟ. ಪರೀಕ್ಷೆ ಪಾಸಾದ ಮ್ಯಾಲೆ ಹೋಗಿ ಹೇಳಿದರಾತು ಅಂತ ನಾ ಸುಮ್ಮನಾದೆ. ಅದು ನನ್ನ ಸೊಕ್ಕು.

ಇನ್ನೊಂದು ಸೊಕ್ಕು ಕೇಳ್ರಿ. ಥೀಸಿಸ್ಸಿನ ಐದನೇ ಅಧ್ಯಾಯದಾಗ, ಇದು ನನ್ನ ಸಣ್ಣ ಪದರಿನ ಮಹಿಮಾ ಅಂತ ಮೂವತ್ತು ಪುಟ ಬರದೆ. ರಾಡು ಮುರದದ್ದು ಬರೀಲಿಲ್ಲ. ‘ಅನುಕೂಲಕ್ಕಾಗಿ ಸಣ್ಣ ಅಳತೆಯ ಮಾದರಿಯನ್ನು ಆರಿಸಿಕೊಳ್ಳಲಾಯಿತು’ ಅನ್ನೋ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಬರದೆ. ಬನಹಟ್ಟಿಯ ಲೇತಿನ ಮ್ಯಾಲೆ ಪೈಪು ಹಾಕಿ ತಿರುವಿದರು ಅಂತ ಬರೆದರ ಯಾರು ಡಿಗ್ರಿ ಕೊಡತಾರ ಹೇಳ್ರಿ.

ಕಡೀ ಪರೀಕ್ಷೆ ಬಂತು. ಎಲ್ಲಾರ ಮುಂದ ನಿಂತು ಹೊರಗಿನಿಂದ ಬಂದ ಪರೀಕ್ಷಕರಿಗೆ ಉತ್ತರ ಕೊಡಬೇಕು, ಯಾರು ಬೇಕಾದರೂ ಬಂದು ಕುಂದರಬಹುದು. ಮಾಮಾ, ಮಾಮಿ ಬಂದರು. ನಾ ಕರೆದಿರಲಿಲ್ಲ, ಅವ್ವ ಹೇಳಿದ್ದಳು. ಮಾಮಾ ತೊಳೆದ ಧೋತರ, ಬಿಳಿ ಟೊಪ್ಪಿಗಿ ಹಾಕಿದ್ದ. ಮಾಮಿ ಕೈಯಾಗ ರೊಟ್ಟಿ ಗಂಟು. ಹಿಂದಿನ ಸಾಲಿನಾಗ ಹೋಗಿ ಕುಂತರು. ಮಾಮಾ ಯಾಕೋ ಅಂಗಿ ಕಿಸೆ ಮ್ಯಾಲಿನ ಕೈ ತಗೀಲೇ ಇಲ್ಲ. ಎದಿ ನೋವೇನೋ ಅಂತ ನನಗ ದಿಗಿಲಾತು.

ಪರೀಕ್ಷಕರು ಚಷ್ಮಾ ಹಾಕಿದ, ಗಂಟು ಮುಖದ ಮನುಷ್ಯ. ಇಂಗ್ಲಿಷ್ ಬಿಟ್ಟು ಒಂದು ಮಾತಾಡಲಿಲ್ಲ. ಎಲ್ಲಾ ಕೇಳಿದ ಮ್ಯಾಲೆ ಐದನೇ ಅಧ್ಯಾಯಕ್ಕ ಬಂದು ಹಿಂಗಂದರು. ನಾಕೂ ರಾಡು ಒಂದ ಎರಕ, ಒಂದ ನಮೂನಿ ಕಾಸೀರಿ. ನಾಕರ ಫೋಟೋದಾಗೂ ಪದರು ಒಂದ ನಮೂನಿ ಅದಾವು. ಮುರಿದ ಮುಖದ ಫೋಟೋ ನಾ ನೋಡೀನಿ, ಎರಡರಾಗ ನೀವು ಹೇಳೋ ಗುಳ್ಳಿನ ಇಲ್ಲ. ಹಂಗಾರ ಮೂರು ಯಾಕ ಹಿಗ್ಗದ ಬ್ರೇಕ್ ಆದವು, ಒಂದು ಯಾಕ ಹಿಗ್ಗಿ ಬ್ರೇಕ್ ಆತು? ಇದು ಅವರ ಪ್ರಶ್ನೆ.

ಖರೆ ಹೇಳತೀನಿ, ಆ ಪ್ರಶ್ನೆ ನನಗ ಒಂದು ದಿನಾನೂ ಹೊಳೆದಿರಲಿಲ್ಲ. ಹಿಗ್ಗಿತಲ್ಲ ಅಂತ ಖುಷಿಪಟ್ಟು ಮೂವತ್ತು ಪುಟ ಬರೆದಿದ್ದೆ. ನೀರು ಕುಡಿದೆ. ಗೈಡ್ ಸರ್ ಕಿಡಕಿ ಕಡೆ ನೋಡಾಕತ್ತರು. ಪರೀಕ್ಷಕರು ಮತ್ತ ಕೇಳಿದರು, ವೈ ಡಿಡ್ ಇಟ್ ಬ್ರೇಕ್, ಹೌ ಡಿಡ್ ಇಟ್ ಬ್ರೇಕ್.

ನಮ್ಮ ಮಾಮಾಗ ಬರೋ ಇಂಗ್ಲಿಷ್ ಅಂದ್ರ ಮಷೀನಿನ ಮ್ಯಾಲಿಂದು. ಗೇರ್, ಬೇರಿಂಗ್, ಬೋಲ್ಟ್, ಬ್ರೇಕ್. ಅಂವ ಹಿಂದಿನ ಸಾಲಿನಾಗ ಎದ್ದು ನಿಂತ.

“ಸಾಹೇಬ್ರ, ಬ್ರೇಕ್ ಮಾಡಿದಂವ ನಾನ್ರಿ. ಆಕಿದೇನೂ ತಪ್ಪಿಲ್ರಿ.”

ಕಿಸೆಯೊಳಗಿಂದ ಸೀರಿ ತುಂಡಿನ ಗಂಟು ತಗದು ಬಿಚ್ಚಿದ. ಒಳಗ ಚಕ್ಕಿನಾಗ ಉಳಿದಿದ್ದ ಸಣ್ಣ ತುಂಡು. “ಇಲ್ಲಿ ಐತಿ ನೋಡ್ರಿ ಉಳಿದದ್ದು. ಆಕಿ ಕಡಕ್ ಐತಿ ಅಂದ್ಳು, ನಾ ಬೋಲ್ಟಿನ ಕಡಕ್ ಅಂತ ತಿಳದೆ. ರೊಟ್ಟಿ ಕಡಕ್ ಅಂದಿದ್ರ ಬಿಗಿ ಹಿಡಿತಿದ್ದಿಲ್ರಿ. ಆಕಿಗೆ ಡಿಗ್ರಿ ಕೊಟ್ಟುಬಿಡ್ರಿ.”

ಅಷ್ಟು ದಿನ ಅಂವ ಅದನ್ನ ಇಟ್ಟುಕೊಂಡಿದ್ದ. ರಾಡು ಮುರದದ್ದಕ್ಕ ನಾ ನಪಾಸ್ ಆಗತೀನಿ, ಆವಾಗ ಎದ್ದು ನಿಂತು ತಪ್ಪು ಒಪ್ಪಿಕೋಬೇಕು ಅಂತ ಅಂವ ಬನಹಟ್ಟಿಯಿಂದ ಬಂದಿದ್ದ. ನನಗ ನೆಲ ಬಾಯಿ ಬಿಟ್ಟರ ಛಲೋ ಇತ್ತು ಅನಿಸ್ತು. ಥೀಸಿಸ್ಸಿನಾಗ ನಾ ಮುಚ್ಚಿಟ್ಟದ್ದನ್ನ ನನ್ನ ಮಾಮಾ ಕೈಯಾಗ ಹಿಡಕೊಂಡು ನಿಂತಿದ್ದ.

ಪರೀಕ್ಷಕರು ಚಷ್ಮಾ ತಗದರು. “ಯಾವೂರ್ರೀ ನಿಮ್ದು?”

“ಬನಹಟ್ಟಿರಿ.”

“ನಂದು ಗಲಗಲಿ” ಅಂದರು ಪರೀಕ್ಷಕರು. ಮೂರು ತಾಸು ಮೂಗಿನಾಗ ಇಂಗ್ಲಿಷ್ ಮಾತಾಡಿದ್ದ ಮನುಷ್ಯ ಬೀಳಗಿ ತಾಲೂಕಿನ ಹೊಳಿದಂಡಿಯಂವ. “ಬರ್ರಿ ಮುಂದ. ಮುರದ ಮ್ಯಾಲೆ ಏನ ಮಾಡಿದ್ರಿ, ಅದನ್ನ ಹೇಳ್ರಿ.”

ಮಾಮಾ ಹೇಳಿದ. ತಂಬಿಗಿ ಕತಿನೂ ಹೇಳಿದ. ಮಾಮಿ ಹಿಂದಿನಿಂದ, “ನಮ್ಮ ಅವ್ವ ಕೊಟ್ಟಿದ್ದು” ಅಂತ ಸೇರಿಸಿದಳು. ಉದ್ದಕ ತಿಕ್ಕಿದೆ ಅನ್ನೋ ಮಾತಿಗೆ ಬಂದಾಗ ಪರೀಕ್ಷಕರು ಕೈ ಎತ್ತಿದರು.

“ಉದ್ದಕ ಯಾಕ? ಮಷೀನಿನ ಮ್ಯಾಲೆ ತಿರುಗಿಸಿಕೋತ ತಿಕ್ಕಬೇಕಿಲ್ಲೋ?”

“ಹಂಗ ತಿಕ್ಕಿದ್ರ ಅಡ್ಡ ಗೀರು ಬೀಳತಾವು ಸಾಹೇಬ್ರ. ಮಗ್ಗದ ಲಾಳಿ ಮ್ಯಾಲೆ ಅಡ್ಡ ಗೀರಿದ್ರ ನೂಲು ಅಲ್ಲೇ ಸಿಗಬಿದ್ದು ಹರೀತೈತಿ. ಲಾಳಿ ಯಾವಾಗಲೂ ಉದ್ದಕ ತಿಕ್ಕಬೇಕು. ಇದೂ ಹರಿಯೋ ಜಾತಿ ಅಂತ ಒಮ್ಮೆ ತಿಳದ ಮ್ಯಾಲೆ ಲಾಳಿಗತೆ ತಿಕ್ಕಿದೆ.”

ಪರೀಕ್ಷಕರು ನನ್ನ ಕಡೆ ತಿರುಗಿ, ಮೊದಲಿನ ರಾಡಿನ ಫೋಟೋ ಪರದೆ ಮ್ಯಾಲೆ ತಗೀರಿ ಅಂದರು. ತಗದೆ. ಆ ಫೋಟೋ ನಾ ಸಾವಿರ ಸಲ ನೋಡೀನಿ. ನಡುವ ನನ್ನ ಪದರು, ಸಾಲಾಗಿ, ಚಂದಾಗಿ. “ನಡುವ ಬ್ಯಾಡ, ಅಂಚಿಗೆ ಸರಸ್ರಿ.” ಸರಸಿದೆ. ಅಂಚಿಗೆ ಲೇತಿನ ಮ್ಯಾಲೆ ಬಿದ್ದ ಒಂದು ಅಡ್ಡ ಗೀರು ಇತ್ತು. ಆ ಗೀರಿನ ತಳದಿಂದ ಒಂದು ಬಿರುಕು ಹೊಂಟು ಪದರಿನ ನಡುವ ಒಳಗ ಹೋಗಿತ್ತು.

ಮಗ್ಗದಿಂದ ಇಳಿದ ಸೀರಿಯನ್ನ ಬಿಚ್ಚಿ ತಪ್ಪು ಹುಡುಕೋದು ಮಾಮಿಯ ಕೆಲಸ, ಆಕಿ ಮೊದಲ ನೋಡೋದು ದಡಿ, ಅಂದ್ರ ಸೀರಿ ಅಂಚು. ಆಕಿ ಪಿಸುಮಾತು ಅಂತ ತಿಳಿದು ಆಡಿದ್ದು ಇಡೀ ಹಾಲಿಗೆ ಕೇಳಿಸ್ತು. “ದಡಿ ಹರದೈತಲ್ಲ ಬೇ. ನೀ ನೋಡಲಿಲ್ಲೇನು?”

ನಾ ನೋಡಿರಲಿಲ್ಲ.

ಡಿಗ್ರಿ ಕೊಟ್ಟರು. ಆದರ ಐದನೇ ಅಧ್ಯಾಯ ಹೊಸದಾಗಿ ಬರೀಬೇಕು ಅಂದರು. ಪದರು ನಾಕರಾಗೂ ಸಣ್ಣ ಆಗ್ಯಾವು, ಅದು ನಿಮ್ಮದು. ಆದರ ಆ ಗುಣ ಹೊರಗ ಬಂದದ್ದು ಗೀರು ಹೋದ ಮ್ಯಾಲೆ, ಅದು ನಿಮ್ಮ ಮಾಮಾರದು. ರಾಡು ಹೆಂಗ ಮುರೀತು ಅನ್ನೋದನ್ನೂ ಬರೀರಿ ಅಂದರು. ಹಂಗ ಪುಟ ತಿರುವುತ್ತ, “ಕೃತಜ್ಞತಾ ಪುಟದಾಗ ಇವರು ಎಲ್ಲದಾರ?” ಅಂತ ಕೇಳಿದರು. ಆ ಪುಟದಾಗ ಗೈಡ್ ಸರ್ ಇದ್ದರು, ಅವ್ವ ಅಪ್ಪ ಇದ್ದರು, ಎಂಟು ವರ್ಷದಾಗ ಒಂದು ದಿನ ರಜಾ ಕೊಡದ ನಮ್ಮ ಪ್ರಿನ್ಸಿಪಾಲರೂ ಇದ್ದರು. ಮಾಮಾ ಇರಲಿಲ್ಲ. ನನಗ ಭಾಳ ನಾಚಿಕಿ ಆತು.

ಆಮ್ಯಾಲೆ ಎಲ್ಲಾರೂ ಕೂಡಿ ಮಾಮಿಯ ರೊಟ್ಟಿ ತಿಂದರು. ಪರೀಕ್ಷಕರು ಒಂದು ರೊಟ್ಟಿ ಮುರದು, ಕಿವಿ ಹತ್ರ ಹಿಡಿದು ಸಪ್ಪಳ ಕೇಳಿ, “ಇದು ಖರೆ ಕಡಕ್” ಅಂದರು. ಮಾಮಾ ಆ ದಿನ ಮೊದಲ ಸಲ ನಕ್ಕ.

ಮೂರು ತಿಂಗಳು ಕುಂತು ತಿದ್ದಿದೆ. ಮೂವತ್ತು ಪುಟ ಹನ್ನೊಂದಕ್ಕ ಇಳೀತು, ಅದರಾಗ ಆರು ಪುಟ ಉದ್ದಕ ತಿಕ್ಕಿದ್ದರ ಬಗ್ಗೆ. ಬೈಂಡ್ ಆದ ಮೊದಲನೇ ಪ್ರತಿ ಹಿಡಕೊಂಡು ನೆಟ್ಟಗ ಬನಹಟ್ಟಿಗೆ ಹೋದೆ. ಕೃತಜ್ಞತಾ ಪುಟದಾಗ ಮಾಮಾನ ಮೊದಲು ಹಾಕಿದ್ದೆ, ಅದನ್ನ ಕನ್ನಡದಾಗ ಓದಿ ಹೇಳಿದೆ. ಅಂವ ಲೇತ್ ಬಂದ್ ಮಾಡಿ ಕೇಳಿದ. ಕೇಳಿಸ್ತೋ ಇಲ್ಲೋ ಗೊತ್ತಾಗಲಿಲ್ಲ, ಮುಖದ ಮ್ಯಾಲೆ ಏನೂ ಕಾಣಲಿಲ್ಲ. ಕೈ ಒರೆಸಿಕೊಳ್ಳದ ಪುಸ್ತಕ ಇಸಕೊಂಡು ಪುಟ ತಿರುವಿಕೋತ ಹೋದ. ತಾ ತಿಕ್ಕಿದ ರಾಡಿನ ಫೋಟೋ ಬಂದ ಕೂಡಲೇ ನಿಂತ. ಹೆಬ್ಬೆಟ್ಟು ಅದರ ಅಂಚಿನ ಮ್ಯಾಲೆ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ, ಉದ್ದಕ, ಮೆತ್ತಗ ಎಳೆದ.

“ಛಲೋ ಬಂದೈತಿ” ಅಂದ.

ಪುಟದ ಮ್ಯಾಲೆ ಮಷೀನಿನ ಎಣ್ಣಿಯ ಗೆರಿ ಎದ್ದಿತ್ತು. ಯುನಿವರ್ಸಿಟಿ ಲೈಬ್ರರಿಗೆ ಕೊಡಬೇಕಾದ ಪ್ರತಿ ಅದು. ನನಗ ಸಿಟ್ಟೂ ಬಂತು, ಅಳೂನೂ ಬಂತು, ಎರಡನ್ನೂ ಮಾಮಾಗ ತೋರಿಸಲಿಲ್ಲ. ಲೈಬ್ರರಿಗೆ ಬ್ಯಾರೆ ಪ್ರತಿ ಮಾಡಿಸಿ ಕೊಟ್ಟೆ. ಇದು ಮನ್ಯಾಗ ಐತಿ.